ಅಟ್ಟದ ಡಬ್ಬಿ, ಭಾಗ 6: ಒಂದೇ ಒಂದು ಕೆಬಿ ಫೈಲು

ಹಳೇ ಗೇಮ್ ಸಿಡಿ ಬ್ಯಾಕಪ್ ಮಾಡಿದ್ದೀರಾ? ಫೋಲ್ಡರ್ ತೆಗೆದ್ರೆ ಒಂದು ಫೈಲ್ ಇರೋ ಕಡೆ ಹನ್ನೊಂದು ಬಿನ್ ಫೈಲು, ಜೊತೆಗೆ ಬರೀ ಒಂದು ಕೆಬಿಯ ಕ್ಯೂ ಫೈಲು ಕಾಣಿಸ್ತಿದೆಯಾ? ಆ ಚಿಕ್ಕದನ್ನ ದಯವಿಟ್ಟು ಬಿಡಬೇಡಿ. ನಾನು ಬಿಟ್ಟೆ. ಅದರ ಕಥೆ ಇದು.

ಕಳೆದ ಭಾಗದಲ್ಲಿ ಮಾವನ ಅಟ್ಟದ ಡಬ್ಬಿ ಬಗ್ಗೆ ಹೇಳಿದ್ದೆ ಅಲ್ವಾ. ಮಾವ ತಿಪಟೂರಲ್ಲಿ ಚಿಕ್ಕದೊಂದು ಕಂಪ್ಯೂಟರ್ ಸೆಂಟರ್ ಇಟ್ಟಿದ್ರು. ಅದು ಮುಚ್ಚಿ ವರ್ಷಗಳಾದ್ವು, ಈಗ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾರೆ. ಡಬ್ಬಿಯಲ್ಲಿದ್ದ ಒಂದೇ ಒಂದು ಒರಿಜಿನಲ್ ಸಿಡಿ ಅಂದ್ರೆ ಕ್ವೇಕ್. ಇಡ್ ಸಾಫ್ಟ್‌ವೇರ್ ಕಂಪನಿಯ 1996ರ ಗೇಮ್. ಸೆಂಟರ್ ಬಾಗಿಲು ಹಾಕಿದ ಮೇಲೆ ರಾತ್ರಿ ಮಾವ ಒಬ್ಬರೇ ಕೂತು ಆಡ್ತಿದ್ರಂತೆ. ಅತ್ತೆ ಇವತ್ತಿಗೂ ಅದಕ್ಕೆ ಬೈತಾರೆ.

ನಮ್ಮ ಮನೇಲಿ ಡಿಸ್ಕ್ ಡ್ರೈವ್ ಇಲ್ಲ. ಫ್ರೆಂಡ್ ಅಣ್ಣನ ಹಳೇ ಡೆಸ್ಕ್‌ಟಾಪಲ್ಲಿ ರಿಪ್ ಮಾಡ್ಸಿದೆ. ವೈಫೈ ಶೇರಿಂಗ್ ಆ್ಯಪಲ್ಲಿ ಫೈಲ್‌ಗಳನ್ನ ತಗೊಂಡೆ. ಹನ್ನೊಂದು ಬಿನ್ ಟಿಕ್ ಮಾಡ್ದೆ, ಕ್ಯೂ ಫೈಲ್ ಯಾವುದೋ ಟೆಂಪ್ ಫೈಲ್ ಇರ್ಬೇಕು ಅಂತ ಬಿಟ್ಟೆ. ಕೊನೇ ಫೈಲ್ ಬರ್ತಿರೋವಾಗ ಕರೆಂಟ್ ಹೋಯ್ತು. ಎಣಿಸಿ ನೋಡಿದ್ರೆ ಹನ್ನೊಂದೂ ಇತ್ತು, ಸರಿ ಅಂದ್ಕೊಂಡೆ. ಮನೆಗೆ ಬಂದು ಸಿಡಿನ ಮತ್ತೆ ಅದರ ಕವರಲ್ಲಿ ಒತ್ತಿ ಕೂರಿಸೋವಾಗ ನಡುವಿನ ತೂತಿನ ಹತ್ರ ಟಕ್ ಅಂತು. ಬಿರುಕು. ಮುಂದಿನ ವಾರ ಆ ಅಣ್ಣ ಡೆಸ್ಕ್‌ಟಾಪ್ ಫಾರ್ಮ್ಯಾಟ್ ಮಾಡಿದ್ರು.

ಅಂದ್ರೆ ಈಗ ಪ್ರಪಂಚದಲ್ಲಿ ಮಾವನ ಸಿಡಿ ಉಳಿದಿರೋದು ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ.

ಬಿರುಕಿನ ವಿಷಯ ಮಾವನಿಗೆ ಹೇಳಲಿಲ್ಲ. ಟ್ರ್ಯಾಕ್ 01 ದೊಡ್ಡದಿತ್ತು, ಅದೊಂದನ್ನೇ ಐಎಸ್‌ಒ ಮಾಡ್ಕೊಂಡು ಡಾಸ್‌ಬಾಕ್ಸಲ್ಲಿ ಹಾಕಿದೆ. ಗೇಮ್ ಓಡ್ತು! ಭಾನುವಾರ ಮಾವನ್ನ ಕರೆದು ಕೂರಿಸಿದೆ. ಎರಡು ನಿಮಿಷ ಆಡಿದ್ರು, ಕೀಬೋರ್ಡಿಂದ ಕೈ ತೆಗೆದ್ರು.

"ಇದು ನಾನು ಆಡ್ತಿದ್ದ ಗೇಮ್ ಅಲ್ಲ ಕಣೇ ಪುಟ್ಟಿ. ಮ್ಯೂಸಿಕ್ಕೇ ಇಲ್ವಲ್ಲ."

ಗುಂಡಿನ ಸದ್ದಿತ್ತು, ರಾಕ್ಷಸರ ಗೊರಗೊರ ಇತ್ತು. ಹಿಂದಿನ ಆ ಮ್ಯೂಸಿಕ್ ಮಾತ್ರ ಇರಲಿಲ್ಲ. ನಂಗೆ ಆಗ ಗೊತ್ತಾಗಿದ್ದು ಇದು: ಆ ಕಾಲದ ಎಷ್ಟೋ ಸಿಡಿಗಳಲ್ಲಿ ಮೊದಲ ಟ್ರ್ಯಾಕ್ ಗೇಮ್ ಡೇಟಾ, ಉಳಿದವು ಮಾಮೂಲಿ ಆಡಿಯೋ ಸಿಡಿಯಲ್ಲಿರೋ ಥರದ್ದೇ ಸಂಗೀತ. ಕ್ವೇಕ್‌ನಲ್ಲಿ 2ರಿಂದ 11ರವರೆಗೆ ಹತ್ತು ಟ್ರ್ಯಾಕ್ ಸಂಗೀತ. ಮಾಡಿದ್ದು ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್. ಐಎಸ್‌ಒ ಫೈಲಲ್ಲಿ ಡೇಟಾಗೆ ಮಾತ್ರ ಜಾಗ, ಆಡಿಯೋ ಟ್ರ್ಯಾಕ್‌ಗೆ ಇಲ್ಲ. ಅದಕ್ಕೇ ರಿಪ್ ಪ್ರೋಗ್ರಾಂ ಟ್ರ್ಯಾಕಿಗೊಂದು ಬಿನ್ ಅಂತ ಹೋಳು ಮಾಡಿತ್ತು. ಯಾವ ಹೋಳು ಎಲ್ಲಿ, ಯಾವುದು ಡೇಟಾ, ಯಾವುದು ಆಡಿಯೋ ಅಂತ ಬರೆದಿಟ್ಟಿದ್ದೇ ಆ ಒಂದು ಕೆಬಿ ಕ್ಯೂ ಫೈಲ್.

ಬಿಕಾಂನವರಿಗೆ ಹೇಳ್ಬೇಕಂದ್ರೆ, ಲೆಡ್ಜರ್ ಇಟ್ಕೊಂಡು ಇಂಡೆಕ್ಸ್ ಪುಟ ಹರಿದು ಎಸೆದಿದ್ದೆ ನಾನು.

ಆದ್ರೆ ಒಳ್ಳೇ ಸುದ್ದಿ ಏನಂದ್ರೆ, ಕ್ಯೂ ಬರೀ ಟೆಕ್ಸ್ಟ್ ಫೈಲ್. ನೋಟ್‌ಪ್ಯಾಡಲ್ಲಿ ಕೈಯಾರೆ ಬರೀಬಹುದು. ಪ್ರತಿ ಬಿನ್‌ಗೂ ಮೂರು ಸಾಲು (ಟೈಪ್ ಮಾಡೋದು ಇಂಗ್ಲಿಷಲ್ಲಿ, ಸ್ಲೈಡ್ 4 ನೋಡಿ):

1. ಫೈಲ್, ಕೋಟ್ ಒಳಗೆ ಬಿನ್ ಹೆಸರು, ಕೊನೆಗೆ ಬೈನರಿ.
2. ಟ್ರ್ಯಾಕ್ ನಂಬರ್. ಮೊದಲನೆಯದಕ್ಕೆ ಮೋಡ್1/2352, ಉಳಿದವಕ್ಕೆ ಆಡಿಯೋ.
3. ಇಂಡೆಕ್ಸ್ 01, ಮುಂದೆ 00:00:00.

ಹೆಸರು ಅಕ್ಷರಕ್ಕಕ್ಷರ ಹೊಂದಬೇಕು. ಬಿನ್‌ಗೆ ಚೆಂದದ ಹೆಸರು ಇಟ್ರೆ ಕ್ಯೂ ಒಳಗೂ ಬದಲಾಯಿಸಿ. "ಫೈಲ್ ಸಿಗ್ತಿಲ್ಲ" ಅನ್ನೋ ಎರರ್ ಬಂದ್ರೆ ಮೊದ್ಲು ನೋಡೋದು ಇದನ್ನೇ. ಕೆಲವು ಪ್ರೋಗ್ರಾಂಗಳು ಟ್ರ್ಯಾಕಿನ ಮುಂಚಿನ 2 ಸೆಕೆಂಡ್ ಮೌನವನ್ನೂ ಬಿನ್ ಒಳಗೇ ಸೇರಿಸ್ತವೆ. ಆಗ ಆ ಟ್ರ್ಯಾಕಿಗೆ ಇಂಡೆಕ್ಸ್ 00 ಸೊನ್ನೆಯಿಂದ, ಇಂಡೆಕ್ಸ್ 01 00:02:00ದಿಂದ ಕೊಡಿ.

ಇನ್ನೊಂದು ತಾಳೆ ನೋಡೋ ಕೆಲಸ. ಸಿಡಿಯ ಒಂದು ಸೆಕ್ಟರ್ 2352 ಬೈಟ್, ಆಡಿಯೋದಲ್ಲಿ ಸೆಕೆಂಡಿಗೆ 75 ಸೆಕ್ಟರ್. ಅಂದ್ರೆ ಸೆಕೆಂಡಿಗೆ 1,76,400 ಬೈಟ್. ಫೈಲಿನ ಪ್ರಾಪರ್ಟೀಸಲ್ಲಿರೋ ಬೈಟ್ ಸಂಖ್ಯೆಯನ್ನ 2352ರಿಂದ ಭಾಗಿಸಿ. ಶೇಷ ಬಂದ್ರೆ ಫೈಲ್ ಎಲ್ಲೋ ತುಂಡಾಗಿದೆ. ನಾನು ಕ್ಯಾಲ್ಕುಲೇಟರ್ ಹಿಡಿದು ಹನ್ನೊಂದೂ ಭಾಗಿಸಿದೆ. ಹತ್ತು ಸರಿಯಾಗಿ ಬಂತು. ಟ್ರ್ಯಾಕ್ 11 ಬರಲಿಲ್ಲ.

ಆ ಕರೆಂಟ್ ಹೋಗಿದ್ದು ನೆನಪಾಯ್ತು.

ಅದಕ್ಕೆ ಮದ್ದಿಲ್ಲ. ಬರದೇ ಇದ್ದ ಬೈಟನ್ನ ನಾನೆಲ್ಲಿಂದ ತರ್ಲಿ? ಸಿಡಿನೂ ಬಿರುಕು, ಡೆಸ್ಕ್‌ಟಾಪೂ ಫಾರ್ಮ್ಯಾಟ್.

(ಡಿವಿಡಿ ಗೇಮ್‌ನವರಿಗೆ ಒಂದು ಮಾತು: ನಿಮ್ಮದು 001, 002 ಅಂತ ಹೋಳಾಗಿದ್ರೆ ಅದು ಬೇರೆ ಕೇಸು. ಫ್ಯಾಟ್32 ಪೆನ್‌ಡ್ರೈವಲ್ಲಿ 4 ಜಿಬಿ ಮುಟ್ಟಿದ ಫೈಲ್ ಹಿಡಿಯಲ್ಲ, ಅದಕ್ಕೇ ಕತ್ತರಿಸಿರ್ತಾರೆ. ಅವನ್ನ ಸಾಲಾಗಿ ಜೋಡಿಸಿದ್ರೆ ಒಂದೇ ಫೈಲ್ ಆಗುತ್ತೆ. ವಿಂಡೋಸ್‌ನ ಕಾಪಿ ಕಮಾಂಡಲ್ಲಿ ಜೋಡಿಸೋದಾದ್ರೆ ಸ್ಲ್ಯಾಶ್ ಬಿ ಮರೀಬೇಡಿ. ಮರೆತ್ರೆ ಅದು ಟೆಕ್ಸ್ಟ್ ಅಂದ್ಕೊಂಡು ಮಧ್ಯದಲ್ಲೇ ಕತ್ತರಿಸಿಬಿಡಬಹುದು. ಬಿನ್ ಟ್ರ್ಯಾಕ್‌ಗಳನ್ನ ಮಾತ್ರ ಹೀಗೆ ಅಂಟಿಸೋಕೆ ಹೋಗ್ಬೇಡಿ, ಕ್ಯೂ ಲೆಕ್ಕ ತಪ್ಪುತ್ತೆ.)

ಮುಂದಿನ ಭಾನುವಾರ ಮತ್ತೆ ಮಾವನ್ನ ಕರೆದೆ. ಈ ಸಲ ಡಾಸ್‌ಬಾಕ್ಸಿಗೆ ಬಿನ್ ಅಲ್ಲ, ಕ್ಯೂ ಫೈಲ್ ಕೊಟ್ಟೆ. ಮ್ಯೂಸಿಕ್ ಶುರುವಾಯ್ತು. ಮಾವ ಆಡಲೇ ಇಲ್ಲ, ಸುಮ್ಮನೆ ಕೇಳ್ತಾ ಕೂತ್ರು. ಅಡುಗೆಮನೆಯಿಂದ ಅತ್ತೆ "ಅಯ್ಯೋ, ಮತ್ತೆ ಆ ದೆವ್ವದ ಸದ್ದಾ" ಅಂದ್ರು. ಇಪ್ಪತ್ತು ವರ್ಷ ಆದ್ರೂ ಅವರಿಗೂ ನೆನಪಿತ್ತು ನೋಡಿ.

ಆಗ ಬಿರುಕು ಬಿಟ್ಟ ಸಿಡಿ ತಂದು ಕೈಗಿಟ್ಟೆ. ಟ್ರ್ಯಾಕ್ 11 ಅರ್ಧಕ್ಕೇ ನಿಲ್ಲುತ್ತೆ ಅಂತಾನೂ ಹೇಳ್ದೆ. ಮಾವ ಸಿಡಿನ ಬೆಳಕಿಗೆ ಹಿಡಿದು ನೋಡಿದ್ರು.

"ಮಂಡಿಯಲ್ಲಿ ನಾವು ಮೂಟೆ ತೂಕ ಹಾಕ್ದೆ ಲಾರಿ ಕಳ್ಸಲ್ಲ ಕಣೇ. ನೀನು ತೂಕ ಹಾಕ್ದೆ ಕಳ್ಸಿದೀಯ."

ಬೈದಿದ್ದು ಅಷ್ಟೇ. ಆಮೇಲೆ ಟ್ರ್ಯಾಕ್ 11 ಹಾಕು ಅಂದ್ರು. ನಿಲ್ಲೋ ಜಾಗದವರೆಗೂ ಕೇಳಿದ್ರು.

ಹಾಗಾಗಿ ನೀವು ಸಿಡಿನ ವಾಪಸ್ ಕವರಿಗೆ ಹಾಕೋ ಮುಂಚೆನೇ ತೂಕ ಹಾಕಿ: ಕ್ಯೂ ಇದೆಯಾ, 2352ರಿಂದ ಭಾಗ ಹೋಗುತ್ತಾ, ಹಾಕಿದ್ರೆ ಮ್ಯೂಸಿಕ್ ಬರುತ್ತಾ. ಸಿಡಿ ತೆಗೆಯೋವಾಗ ಅಂಚು ಹಿಡಿದು ಎಳೀಬೇಡಿ, ನಡುವಿನ ಗುಬುಟು ಒತ್ತಿ.

ಮತ್ತೆ, ಫೈಲ್ ಕಳ್ಸು ಅಂತ ಡಿಎಂ ಬೇಡ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಬ್ಯಾಕಪ್‌ಗೆ ಅವಕಾಶ ಕೊಡೋದು ಕಾನೂನುಬದ್ಧವಾಗಿ ಕಾಪಿ ಇಟ್ಕೊಂಡವರಿಗೆ, ಹಂಚೋಕಲ್ಲ.

ನಿಮ್ಮನೆ ಅಟ್ಟದಲ್ಲಿ ಯಾವ ಸಿಡಿ ಇದೆ? ಕಾಮೆಂಟಲ್ಲಿ ಹೇಳಿ. ಭಾಗ 7ರಲ್ಲಿ ಮಾವನ ಫ್ಲಾಪಿಗಳು.