ಹೆಸರಿಲ್ಲದ ಡಬ್ಬಿ, ದೇಶದೇಶದ ಬಳಗ

1/6
ಒಂದು ಪ್ರಶ್ನೆ. ಹೆಸರೇ ಇಲ್ಲದ ವಸ್ತುವನ್ನ ನೆಟ್‌ನ್ಯಾಗ ಹೆಂಗ ಹುಡುಕ್ತೀರಿ?

ನೀವು ಶಿಗ್ಗಾವಿಯವರಿರಲಿ, ಸವಣೂರಿನವರಿರಲಿ, ಹಿರೇಕೆರೂರಿನವರಿರಲಿ, ನಿಮ್ಮ ಮನೆಯ ಅಟ್ಟದ ಮೇಲೆ ಇದು ಇರಬಹುದು. ಒಂದು ಪ್ಲಾಸ್ಟಿಕ್ ಡಬ್ಬಿ, ವೈರಿನ ಎರಡು ಕಂಟ್ರೋಲರ್, ಒಂದು ಪಿಸ್ತೂಲು, ಮೇಲಿಂದ ಚುಚ್ಚುವ ಹಳದಿ ಕ್ಯಾಸೆಟ್. ಹಾನಗಲ್ಲಿನ ನಮ್ಮ ಮನೆಯಲ್ಲಿ ಇದಕ್ಕ 'ಟಿವಿ ಗೇಮ್' ಅಂತಾರ. ನಮ್ಮ ಕ್ಲಾಸಿನ ಒಬ್ಬಾಕಿ ಮನೆಯಲ್ಲಿ 'ಮಾರಿಯೋ ಡಬ್ಬಿ'. ಕಂಪನಿ ಹೆಸರು ಹುಡುಕಿದರೆ ಎಲ್ಲೂ ಇಲ್ಲ.

ನಮ್ಮ ಡಬ್ಬಿ ಕಾಕಾನದು. 1999ರಲ್ಲಿ ಹುಬ್ಬಳ್ಳಿಯಿಂದ ತಂದಿದ್ದ. ಈ ಸಲ ಮನೆ ರಿಪೇರಿ ಮಾಡುವಾಗ ಅಟ್ಟದಿಂದ ಕೆಳಗಿಳೀತು, ಜೊತೆಗೆ ಹಳೇ ಡಬ್ಬಾ ಟಿವಿನೂ. ಅವ್ವ ಎರಡನ್ನೂ ನೋಡಿ, "ಗುಜರಿಯಾಂವ ಬಂದಾಗ ಕೊಟ್ಟುಬಿಡು" ಅಂದ್ಲು. ನಾನು ಒಂದು ತಿಂಗಳು ಟೈಮ್ ಕೇಳಿದೆ. ಆ ಒಂದು ತಿಂಗಳ ಕತಿ ಇದು.

2/6
'ಟಿವಿ ಗೇಮ್' ಅಂತ ಹುಡುಕಿದೆ. ಹೊಸ ಹೊಸ ಮಾಲು ಮಾರೋ ಅಂಗಡಿಗಳು ಬಂದವು. 'ವಿಡಿಯೋ ಗೇಮ್ ಕ್ಯಾಸೆಟ್' ಅಂದೆ. ಆವಾಗಲೂ ಅದೇ ಹಾಡು. ಆಮೇಲೆ ತಿಳೀತು, ನಾವು ಕ್ಯಾಸೆಟ್ ಅನ್ನೋದಕ್ಕ ಹೊರಗಿನವರು ಕಾರ್ಟ್ರಿಜ್ ಅಂತಾರ. ನಮ್ಮ ಹೆಸರು ನಮ್ಮ ಓಣಿಗಷ್ಟೇ.

ಸವಣೂರಿನವರಿಗೆ ಇದು ಬೇಗ ಅರ್ಥ ಆಗ್ತೈತಿ. ನಿಮ್ಮ ಮಠದ ದೊಡ್ಡ ಹುಣಸೆ ಮರ ಹುಣಸೆ ಜಾತಿದೇ ಅಲ್ಲ, ಆಫ್ರಿಕಾ ಮೂಲದ ಬಾವೊಬಾಬ್. 'ದೊಡ್ಡ ಹುಣಸೆ' ಅಂತ ಹುಡುಕಿದ್ರ ಸವಣೂರು ಸಿಗ್ತೈತಿ, ಆಫ್ರಿಕಾ ಸಿಗಂಗಿಲ್ಲ. ನನ್ನ ಡಬ್ಬಿಗೂ ಅಂಥಾದ್ದೊಂದು ಹೊರಗಿನ ಹೆಸರು ಬೇಕಿತ್ತು.

3/6
ಅದಕ್ಕ ಹೆಸರು ಬಿಟ್ಟು ಗುರುತು ಹಿಡಿದೆ. ಕ್ಯಾಸೆಟ್ಟಿನ ಬಾಯಿಯಲ್ಲಿ ಹಿತ್ತಾಳೆ ಬಣ್ಣದ ಪಿನ್ ಎಣಿಸಿದೆ. ಒಂದು ಬದಿಗೆ 30, ಒಟ್ಟು 60. ಡಬ್ಬಿಯ ತಳದ ಸ್ಕ್ರೂ ಬಿಚ್ಚಿದೆ. ಒಳಗೆ ಬೋರ್ಡಿನ ಮೇಲೆ ಚಿಪ್ ಕಾಣೋದಿಲ್ಲ, ಕರಿ ಅಂಟಿನ ಒಂದು ಗುಡ್ಡೆ ಮಾತ್ರ. ಮುಂದ, ಹಿಂದ, ತಳ, ಪಿನ್ನು, ಬೋರ್ಡು, ಐದು ಫೋಟೋ ತೆಗೆದು ಹಳೇ ಗೇಮಿಂಗ್ ಮಂದಿ ಸೇರೋ ಜಾಗದಾಗ ಹಾಕಿ, "ಇದೇನು?" ಅಂತಷ್ಟೇ ಕೇಳಿದೆ.

ರಾತ್ರಿ ಕಳೆಯೋದ್ರೊಳಗ ಉತ್ತರ ಬಂತು: ಫ್ಯಾಮಿಕ್ಲೋನ್.

ಜಪಾನಿನ ನಿಂಟೆಂಡೋ 1983ರ ಜುಲೈ 15ರಂದು ಫ್ಯಾಮಿಕಾಮ್ ಅನ್ನೋ 8-ಬಿಟ್ ಯಂತ್ರ ಬಿಡುಗಡೆ ಮಾಡ್ತು. ಅದರ ಕ್ಯಾಸೆಟ್ಟಿಗೆ 60 ಪಿನ್. ಅಮೆರಿಕಕ್ಕೆ ಹೋದಾಗ ಎನ್‌ಇಎಸ್ ಆಯ್ತು, ಅಲ್ಲಿ ಪಿನ್ 72. ಭಾರತದಲ್ಲಿ 'ಸಮುರಾಯ್' ಅನ್ನೋ ಹೆಸರಿನಲ್ಲೂ ಆ ಯಂತ್ರ ಮಾರಾಟ ಆಗಿತ್ತು. ಆದರ ನಮ್ಮ ಕಡೆ ಮನೆಮನೆಗೆ ಬಂದದ್ದು ಅದರ ನಕಲು. ಹಲವು ಚಿಪ್ ಮಾಡೋ ಕೆಲಸವನ್ನ ಒಂದೇ ಚಿಪ್ಪಿಗೆ ಇಳಿಸಿ, ಅಂಟು ಸುರಿದು, ಅಗ್ಗಕ್ಕೆ ಮಾರಿದರು. ಹೆಸರು ಇಲ್ಲದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

4/6
ಆ ಒಂದು ಶಬ್ದ ಸಿಕ್ಕ ಮೇಲೆ ಬಾಗಿಲು ತೆರೀತು ನೋಡ್ರಿ. ರಷ್ಯಾದಲ್ಲಿ ಇದೇ ಡಬ್ಬಿ 1992ರಲ್ಲಿ 'ಡೆಂಡಿ' ಅಂತ ಬಂದಿತ್ತು. ಪೋಲೆಂಡಿನಲ್ಲಿ 'ಪೆಗಾಸಸ್'. ಚೀನಾದ 'ಸುಬೋರ್' ಕೀಬೋರ್ಡ್ ಸಮೇತ ಬರ್ತಿತ್ತು. ಅವರ ಬಳಗದವರು ಯಾವ ಮಾಡೆಲ್, ಯಾವ ಡಬ್ಬಿ, ಯಾವ ಕ್ಯಾಸೆಟ್ ಅಂತ ಫೋಟೋ ಸಮೇತ ಬರೆದಿಟ್ಟಾರ. ನಕಲಿ ಗೇಮುಗಳಿಗೇ ಮೀಸಲಾದ 'ಬೂಟ್‌ಲೆಗ್ ಗೇಮ್ಸ್ ವಿಕಿ' ಕೂಡ ಐತಿ.

ಇಟ್ಟಿಗೆ ಒಡೀತಾ, ನಮ್ಮ ಹದ್ದು ಕಾಯ್ತಾ ಇಬ್ಬರು ಆಡೋ 'ಟ್ಯಾಂಕಿನ ಆಟ' ನೆನಪೈತೇನು? ಅದರ ಹೆಸರು ಬ್ಯಾಟಲ್ ಸಿಟಿ, 1985ರ ನಾಮ್ಕೋ ಆಟ. ಅಮೆರಿಕದ ಎನ್‌ಇಎಸ್‌ಗೆ ಅದು ಅಧಿಕೃತವಾಗಿ ಬರಲೇ ಇಲ್ಲ. ರಷ್ಯಾದ ಹುಡುಗರು ಮಾತ್ರ ಅದಕ್ಕ 'ತಾಂಚಿಕಿ' ಅಂತಿದ್ರಂತ. ಅಂದ್ರ ಪುಟ್ಟ ಟ್ಯಾಂಕುಗಳು. ನಾವಿಟ್ಟ ಹೆಸರು ಅವರೂ ಇಟ್ಟಿದ್ದರು!

ಪೋಲೆಂಡಿನ ಒಬ್ಬಾತ ನನಗ ಉದ್ದ ಮೆಸೇಜ್ ಬರೆದಿದ್ದ. ತಮ್ಮನ ಜೊತೆ ಇದೇ ಆಟಕ್ಕೆ ಜಗಳ ಆಡಿದ್ದು, ಅಪ್ಪ ಅಡಾಪ್ಟರ್ ಮುಚ್ಚಿಟ್ಟದ್ದು. ಅದನ್ನ ಕಾಕಾಗೆ ಕನ್ನಡದಲ್ಲಿ ಓದಿ ಹೇಳಿದೆ. ಕಾಕಾ ಮಾತು ಕಡಿಮೆ ಮನುಷ್ಯ. ಅಂಗಡಿ ಲೆಕ್ಕ ಬಿಟ್ಟರೆ ನನ್ನ ಜೊತೆ ಏನೂ ಮಾತಾಡಿದ್ದಿಲ್ಲ. ಪೆನ್ನು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದ: "ಅಲ್ಲೋ, ಅವರೂ ಕ್ಯಾಸೆಟ್ ಊದ್ತಿದ್ರೇನು?"

ಊದ್ತಿದ್ರು ಕಾಕಾ. ಎಲ್ಲಾ ದೇಶದಾಗೂ ಊದ್ತಿದ್ರು.

ಅವತ್ತು ರಾತ್ರಿ ಹತ್ತರ ತನಕ ಹೇಳಿದ. ಕರೆಂಟು ಹೋದ್ರ ಆಟ ಮತ್ತ ಮೊದಲಿಂದ, ಸೇವ್ ಅನ್ನೋದೇ ಇಲ್ಲ. ಓಣಿಯ ಹುಡುಗರು ಪಾಳಿ ಹಚ್ಚಿ ಕೂಡ್ತಿದ್ದರು. ಸತ್ತಾಂವ ಎದ್ದು ಮುಂದಿನಾಂವಗ ಕಂಟ್ರೋಲರ್ ಕೊಡಬೇಕು.

5/6
ಬಳಗದಿಂದ ಕಲಿತದ್ದು, ಸೇವ್ ಮಾಡ್ಕೊಳ್ರಿ 👇

▪ ಊದಬ್ಯಾಡ್ರಿ. ಬಾಯಿಯ ತೇವಕ್ಕೆ ಪಿನ್ ಹಾಳಾಗ್ತಾವ. ಇಯರ್ ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಒಣಗಿದ ಮೇಲೆ ಹಾಕ್ರಿ.

▪ ಸಿಕ್ಕ ಅಡಾಪ್ಟರ್ ಚುಚ್ಚಬ್ಯಾಡ್ರಿ. ವೋಲ್ಟೇಜ್ ನೋಡ್ರಿ, ಪ್ಲಸ್-ಮೈನಸ್ ಗುರುತೂ ನೋಡ್ರಿ. ಉಲ್ಟಾ ಆದ್ರ ಬೋರ್ಡ್ ಸುಟ್ಟು ಹೋಗಬಹುದು.

▪ ಡಬ್ಬಾ ಟಿವಿ ಇದ್ರ ಇಟ್ಕೊಳ್ರಿ. ಬಾತುಕೋಳಿ ಹೊಡೆಯೋ ಪಿಸ್ತೂಲು ಎಲ್‌ಇಡಿ ಟಿವಿಗೆ ಕೆಲಸ ಮಾಡಂಗಿಲ್ಲ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇರೋ ಜಾಗ ಬೆಳ್ಳಗಾಗ್ತೈತಿ. ಆ ಬೆಳಕನ್ನ ಪಿಸ್ತೂಲೇ ನೋಡ್ತೈತಿ. ಹೊಸ ಟಿವಿ ಚಿತ್ರ ತೋರಿಸೋದು ಸ್ವಲ್ಪ ತಡ, ಅಷ್ಟರಾಗ ಗುರಿ ತಪ್ಪಿರ್ತೈತಿ.

▪ '9999999 ಇನ್ 1' ನಂಬಬ್ಯಾಡ್ರಿ. ಇರೋದು ಕೆಲವೇ ಆಟ, ಅವನ್ನೇ ಬೇರೆ ಹೆಸರಿಂದ, ಬೇರೆ ಲೆವೆಲ್‌ನಿಂದ ಮತ್ತ ಮತ್ತ ಪಟ್ಟಿ ಮಾಡಿರ್ತಾರ. ಬಿಕಾಂನವರೇ, ಇದೇ ನಮ್ಮ ವಿಂಡೋ ಡ್ರೆಸಿಂಗ್ 😄

▪ ಮಾರಿ ಸಾಹುಕಾರ ಆಗೋ ಆಸೆ ಬಿಡ್ರಿ. ಲೆಕ್ಕದ ಪುಸ್ತಕದಾಗ ಡಿಪ್ರಿಸಿಯೇಷನ್ ಪೂರ್ತಿ ಕಳೆದ ಆಸ್ತಿಯನ್ನ ಒಂದು ರೂಪಾಯಿ ಅಂತ ತೋರಿಸ್ತಾರಲ್ಲ, ಹಂಗ. ಒಂದೇ ರೂಪಾಯಿ ಆದ್ರೂ ಪುಸ್ತಕದಾಗ ಉಳೀತೈತಿ.

6/6
ನನ್ನ ಚಿಂತಿ ಆ ಪುಸ್ತಕದ್ದೇ. ಡೆಂಡಿ ಬಗ್ಗೆ ಅಷ್ಟು ಬರೆದಾರ, ಪೆಗಾಸಸ್ ಬಗ್ಗೆ ಅಷ್ಟು. ಹಾವೇರಿ ಜಿಲ್ಲೆಯ ಡಬ್ಬಿ ಬಗ್ಗೆ ನಾನು ಹುಡುಕಿದಷ್ಟರಲ್ಲಿ ಒಂದು ಸಾಲೂ ಸಿಗಲಿಲ್ಲ. ಆಡಿದವರಿಗೆಲ್ಲ ಈಗ ನಲವತ್ತರ ಆಸುಪಾಸು. ಡಬ್ಬಿಗಳು ಕೆಜಿ ಲೆಕ್ಕದಾಗ ಗುಜರಿಗೆ ಹೋಗ್ತಾವ. ಇವೆರಡೂ ಹೋದ ಮೇಲೆ, ಹಿರೇಕೆರೂರಿನ ಒಂದು ಓಣಿಯಲ್ಲಿ ಹತ್ತು ಹುಡುಗರು ಒಂದು ಟಿವಿ ಮುಂದ ಪಾಳಿ ಹಚ್ಚಿ ಕೂಡ್ತಿದ್ರು ಅಂತ ಯಾರು ಹೇಳ್ತಾರ?

ನಮ್ಮ ಡಬ್ಬಿ ಗುಜರಿಗೆ ಹೋಗಲಿಲ್ಲ. ಅವ್ವನೇ ಅದಕ್ಕ ಹಳೇ ದುಪಟ್ಟಾ ಹೊದಿಸ್ಯಾಳ.

ನಿಮಗ ಕೆಲಸ ಇಷ್ಟೇ. ಈ ಭಾನುವಾರ ಅಟ್ಟ ಹತ್ರಿ. ಸಿಕ್ಕರೆ ಐದು ಫೋಟೋ ತೆಗೀರಿ, ಪಿನ್ ಎಣಿಸ್ರಿ. ಆಮೇಲೆ ಅಣ್ಣಗೋ, ಮಾಮಾಗೋ, ಅತ್ತಿಗೋ ಮೂರು ಪ್ರಶ್ನೆ ಕೇಳ್ರಿ: ಯಾವ ವರ್ಷ ತಂದ್ರಿ? ಎಷ್ಟು ರೂಪಾಯಿ ಕೊಟ್ರಿ? ನಿಮ್ಮ ಓಣಿಯಾಗ ಇದಕ್ಕ ಏನಂತಿದ್ರಿ?

ಮೂರನೇ ಉತ್ತರ ಕಾಮೆಂಟಿನಾಗ ಹಾಕ್ರಿ, ಜೊತೆಗೆ ಊರ ಹೆಸರು. ಒಂದೊಂದನ್ನೂ ಬರೆದಿಡ್ತೀನಿ. ಮೊದಲನೇ ಸಾಲು ಆಗಲೇ ಬರೆದೀನಿ: ಹಾನಗಲ್ಲ, 1999, ಟಿವಿ ಗೇಮ್.

#ಟಿವಿಗೇಮ್ #ಫ್ಯಾಮಿಕ್ಲೋನ್ #ಹಾನಗಲ್ #ಶಿಗ್ಗಾವಿ #ಸವಣೂರು #ಹಿರೇಕೆರೂರು