ಕಲ್ಲು ನೋಡಿದ ಡಾಕ್ಟರು

ನಮ್ಮ ಹೊಲದಾಗ ಎರಿ ಮಣ್ಣು ಎರಡು ಮೊಳ. ಅದರ ಕೆಳಗೆ ಮುರುಮ, ಮುರುಮದ ಕೆಳಗೆ ಕರಿಕಲ್ಲು. ಜಹೀರಾಬಾದಿನ ಕಡೆ ಹೋದರೆ ಕೆಂಪು ನೆಲ. ತಾಂಡೂರಿಗೆ ಹೋದರೆ ಹಾಸಿಗೆ ಮಡಚಿ ಇಟ್ಟಂಗ ಪರ್ಸಿ ಕಲ್ಲು. ಇಷ್ಟು ಸಣ್ಣ ಸೀಮೆಯೊಳಗೆ ನೆಲ ಯಾಕ ಹಿಂಗ ಬ್ಯಾರೆ ಬ್ಯಾರೆ ಅದ ಅಂತ ಇನ್ನೂರು ವರ್ಷದ ಹಿಂದೆ ನಿಜಾಮರ ಸೀಮೆ ತಿರುಗಿ ನೋಡಿದವರು ಹೆನ್ರಿ ವೆಸ್ಲಿ ವಾಯ್ಸಿ ಎಂಬ ಡಾಕ್ಟರು. ಇವರ ಕಥೆ ವಾಚನಾಲಯದಾಗ ನಮ್ಮ ಮಾಸ್ತರರು ಓದಿ ಹೇಳಿದಾಗಿನಿಂದ ನನ್ನ ತಲೆಯೊಳಗೆ ಕುಂತಾದ.

ಅವರು ಬರೋಕಿಂತ ಮೊದಲೇ ನಮ್ಮ ಕಡೆ ಒಂದು ದೊಡ್ಡ ಕೆಲಸ ನಡೆದಿತ್ತು. ಕನ್ಯಾಕುಮಾರಿಯಿಂದ ಉತ್ತರಕ್ಕೆ ಭೂಮಿ ಅಳೆಯುತ್ತ ಬಂದ ಲ್ಯಾಂಬ್ಟನ್ ಸಾಹೇಬರು 1815ರಲ್ಲಿ ಬೀದರ್ ಹತ್ತಿರ ತಳರೇಖೆ ಅಳೆದರು. ನಾರಾಯಣಖೇಡದ ಕಡೆಯ ದಾಮರಗಿದ್ದದಲ್ಲಿ ನಿಂತು ನಕ್ಷತ್ರ ನೋಡಿದರು. ಆಮೇಲೆ ಜಾರ್ಜ್ ಎವರೆಸ್ಟ್ ಬರೆದ ದೊಡ್ಡ ಪುಸ್ತಕದ ಹೆಸರಿನೊಳಗೇ 18 ಡಿಗ್ರಿ 3 ಮಿನಿಟು ಅಂತ ಅದ. ಅದು ಈ ದಾಮರಗಿದ್ದದ ಲೆಕ್ಕ. 1841ರಲ್ಲಿ ಆಂಡ್ರ್ಯೂ ವಾ ಎಂಬವರು ಬೀದರಿನ ಆ ಸುಮಾರು ಎಂಟು ಮೈಲಿನ ರೇಖೆಯನ್ನು ಮತ್ತೆ ಅಳೆದರು. ನಾನೂರು ಮೈಲು ದೂರದ ಸಿರೋಂಜ್‌ನಿಂದ ತ್ರಿಕೋನದ ಮ್ಯಾಲೆ ತ್ರಿಕೋನ ಕಟ್ಟುತ್ತ ಬಂದ ಲೆಕ್ಕಕ್ಕೂ ನೆಲದ ಮ್ಯಾಲೆ ಅಳೆದದ್ದಕ್ಕೂ ಬಂದ ಫರಕು ನಾಲ್ಕು ಇಂಚಿನ ಮ್ಯಾಲೆ ಚೂರು. ನಮ್ಮಲ್ಲಿ ಒಂದು ಬದುವಿನ ಅಳತೆಗೇ ಅಣ್ಣತಮ್ಮಂದಿರು ಕೋರ್ಟು ಹತ್ತುತಾರ. ಹಿಮಾಲಯದ ಶಿಖರಕ್ಕೆ ಎವರೆಸ್ಟರ ಹೆಸರು ಇಡಬೇಕು ಅಂತ ಮುಂದೆ ಹೇಳಿದವರೂ ಇದೇ ವಾ. 1865ರಲ್ಲಿ ಆ ಹೆಸರು ಗಟ್ಟಿಯಾಯಿತು. ಎವರೆಸ್ಟರು ಆ ಗುಡ್ಡ ಹತ್ತಲಿಲ್ಲ.

ವಾಯ್ಸಿ 1791ರಲ್ಲಿ ಹುಟ್ಟಿದವರು. 1818ರಲ್ಲಿ ಎವರೆಸ್ಟರ ಜೊತೆಗೇ ಲ್ಯಾಂಬ್ಟನ್ ಅವರ ದಂಡಿಗೆ ನೇಮಕ ಆದರು. ಕೆಲಸ ಎರಡು: ಜಡ್ಡಾದವರಿಗೆ ಔಷಧ ಕೊಡೋದು, ಹಾದಿಯ ಕಲ್ಲು ನೋಡೋದು. ಮರುವರ್ಷ ಕೃಷ್ಣಾ-ಗೋದಾವರಿ ನಡುವಿನ ಅಡವಿಯೊಳಗೆ ಮಳೆಗಾಲದ ಜ್ವರ ಬಂತು. ಸುಮಾರು ನೂರೈವತ್ತು ಮಂದಿಯ ಪೈಕಿ ಬಹಳಷ್ಟು ಜನ ನೆಲ ಹಿಡಿದರು. ಎವರೆಸ್ಟರಿಗೂ ಜ್ವರ, ಡಾಕ್ಟರಿಗೂ ಜ್ವರ. ಸಾಹೇಬರಿಬ್ಬರು ಮೇಣೆದಾಗ ಹೋದರು. ಉಳಿದವರನ್ನು ಕರಕೊಂಡು ಬರಲಿಕ್ಕೆ ಹೈದರಾಬಾದಿನಿಂದ ಆನೆ, ಒಂಟೆ, ಬಂಡಿ ಕಳಿಸಬೇಕಾಯಿತು. ಹಾದಿಯಲ್ಲಿ ಸತ್ತ ಖಲಾಸಿಗಳ ಹೆಸರು ಯಾರೂ ಹೇಳೋದಿಲ್ಲ. ನಾನು ಪದ ಹಾಡುವವ. ನಮ್ಮ ಪದದಾಗ ಕಡೀ ನುಡಿಗೆ ಕಟ್ಟಿದವನ ಅಂಕಿತ ಬರತದ. ಇವರ ಅಳತೆಯೊಳಗೆ ಹೊತ್ತವರ ಅಂಕಿತ ಬಿದ್ದೇ ಇಲ್ಲ. ಅದು ನನಗೆ ಸರಿ ಕಾಣಲಿಲ್ಲ.

ಎವರೆಸ್ಟರು ಸುಧಾರಿಸಿಕೊಳ್ಳಲಿಕ್ಕೆ ಸಮುದ್ರ ದಾಟಿ ಹೋದರು. ವಾಯ್ಸಿ ಮತ್ತೆ ಕಲ್ಲಿನ ಬೆನ್ನು ಹತ್ತಿದರು. ಹೈದರಾಬಾದ್ ಸೀಮೆಯ ಕಲ್ಲಿನ ನಕ್ಷೆ ಮೊದಲು ಬರೆದವರು ಇವರೇ. ಕರಿಕಲ್ಲು ನೀರೊಳಗೆ ಕುಂತು ಆದದ್ದೋ, ಬೆಂಕಿಯಿಂದ ಆದದ್ದೋ ಅಂತ ಆಗ ಪಂಡಿತರಲ್ಲೇ ಜಗಳ ಇತ್ತು. ಇವರು ಬೆಂಕಿಯದೇ ಅಂದರು. ವರಾಡದ ಗಾವಿಲಗಡ ಗುಡ್ಡದ ಮ್ಯಾಲೆ ಕಲ್ಲಾದ ಚಿಪ್ಪುಗಳನ್ನು ನೋಡಿ ಬರೆದರು. ಈಗಿನವರು ಹೇಳೋದು ಇಷ್ಟು: ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಭೂಮಿ ಸೀಳಿ ಕರಗಿದ ಕಲ್ಲು ಹರೀತು, ಆರಿತು. ನಡುವೆ ಕೆರೆ ನಿಂತವು, ಚಿಪ್ಪಿನ ಹುಳ ಬದುಕಿದವು. ಮತ್ತೆ ಬೆಂಕಿ ಹರೀತು. ಹಂಗ ಹೆಂಚಿನ ಮ್ಯಾಲೆ ದೋಸೆ ಪೇರಿಸಿದಂಗ ಪದರ ಬಿತ್ತು. ಎರಿ ಮಣ್ಣು ಆ ಕಲ್ಲೇ ಕೊಳೆತು ಆದದ್ದು. ತಾಂಡೂರಿನ ಪರ್ಸಿ ಮಾತ್ರ ಇದಕ್ಕಿಂತ ಎಷ್ಟೋ ಹಳೇದು, ನೀರ ತಳದಾಗ ಕುಂತ ಸುಣ್ಣದ ಕಲ್ಲು.

ಇದೆಲ್ಲ ನನಗ್ಯಾಕ ಬೇಕು ಅಂದರೆ, ನನ್ನ ಮಗ ಕಬ್ಬಿನ ಸಲುವಾಗಿ ಎರಡು ಬೋರು ಹಾಕಿಸ್ಯಾನ. ಎರಡೂ ಬರೀ ಧೂಳು. ಸಾಲ ಹಂಗೇ ಅದ. ತೆಂಗಿನಕಾಯಿ ಹಿಡಿದು ನೀರು ತೋರಿಸುವವ ಬಂದು, ಇನ್ನೂ ಇನ್ನೂರು ಅಡಿ ಹೋದರೆ ಗಂಗಮ್ಮ ಸಿಗತಾಳ ಅಂದ. ಗಟ್ಟಿ ಕರಿಕಲ್ಲಿನೊಳಗೆ ನೀರು ಇರೋದಿಲ್ಲ. ಬಿರುಕಿನಾಗ, ಕೊಳೆತ ಮುರುಮದಾಗ, ಒಂದು ಪದರ ಮತ್ತೊಂದರ ಮ್ಯಾಲೆ ಕುಂತ ಸಂದಿನಾಗ ಇರತದ. ಅದು ತಪ್ಪಿದರೆ ಆಳ ಹೋದಷ್ಟೂ ಖರ್ಚು. ನಮ್ಮಪ್ಪ ಕೈಲೆ ತೋಡಿದ ಭಾವಿ ಮೂವತ್ತು ಅಡಿ. ಮುರುಮ ಮುಗಿದು ಕಲ್ಲು ಹತ್ತಿದ ಜಾಗದಾಗೇ ಅದರ ಸೆಲೆ. ಈಗ ಅದು ಹೂಳು ತುಂಬಿ ಬೇವಿನ ಗಿಡ ಬೆಳೆದಾವ.

ವಾಯ್ಸಿ 1824ರ ಏಪ್ರಿಲ್‌ನಲ್ಲಿ ಕಲ್ಕತ್ತಾಕ್ಕೆ ಹೋಗುವ ಹಾದಿಯಲ್ಲೇ ತೀರಿಕೊಂಡರು. ವಯಸ್ಸು ಮೂವತ್ತಮೂರರ ಆಸುಪಾಸು. ಅವರ ಹೆಸರಿನ ಗುಡ್ಡ ಮಾಸ್ತರರ ಭೂಗೋಲದಾಗ ಇಲ್ಲ.

ಮೂರನೇ ಬೋರಿನ ಮಾತು ಮನ್ಯಾಗ ಇನ್ನೂ ಮುಗಿದಿಲ್ಲ. ‘ಅಪ್ಪಾ, ನೀನು ಪದ ಹಾಡು, ನೀರಿನ ಚಿಂತಿ ನನಗ ಬಿಡು’ ಅಂತಾನ ಮಗ. ನಾನು ಕೊಡಲಿ ತಗೊಂಡು ಭಾವಿಯ ಬೇವಿನ ಗಿಡ ಕಡಿಯಲಿಕ್ಕೆ ಸುರು ಮಾಡೇನಿ. ನಿನ್ನೆ ಸಂಜಿಗೆ ಮೊಮ್ಮಗನೂ ಬುಟ್ಟಿ ಹಿಡಕೊಂಡು ಬಂದಿದ್ದ.