ಕನ್ನಡಿ ಹೊಲಿದ ಲಂಗ

ವಿಜಯಪುರಕ್ಕೆ ಬಂದ ಪ್ರವಾಸಿಗರಲ್ಲಿ ಹೆಚ್ಚಿನವರು ಗೋಲಗುಮ್ಮಟದ ಮೇಲೇರಿ ಒಮ್ಮೆ ಕೂಗಿ, ಇಬ್ರಾಹಿಂ ರೋಜಾದ ನೆರಳಿನಲ್ಲಿ ಅರೆಗಳಿಗೆ ಕುಳಿತು, ಸಂಜೆಯ ಗಾಡಿಗೆ ಹಿಂದಿರುಗಿಬಿಡುತ್ತಾರೆ. ಪಡುವಣ ದಿಕ್ಕಿಗೆ ಅಥಣಿಯ ರಸ್ತೆ ಹಿಡಿಯುವವರು ವಿರಳ. ಅತ್ತ ನೋಡತಕ್ಕದ್ದೇನಿದೆ ಎಂದು ಕೇಳಿದರೆ ಊರಿನವರೂ ಥಟ್ಟನೆ ಉತ್ತರ ಕೊಡಲಾರರು.

ಪಟ್ಟಣವನ್ನು ದಾಟುತ್ತಲೇ ತೊರವಿ. ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದ್ದು ಇಲ್ಲಿಯೇ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು; ಸಂಗೀತ ಮಹಲಿನ ಅವಶೇಷಗಳು ಇಂದಿಗೂ ಉಳಿದುಕೊಂಡಿವೆ. ಈ ದೊರೆಯ ಚಿತ್ರಗಳನ್ನು ನೋಡಿದವರಿಗೆ ಆತನ ಕೊರಳಿನ ರುದ್ರಾಕ್ಷಿಮಾಲೆ ಮರೆಯುವುದಿಲ್ಲ. ಅನ್ಯರ ತೊಡುಗೆಯನ್ನು ಆತನೇನೋ ತೊಟ್ಟನು. ಆದರೆ ತನ್ನ ‘ಕಿತಾಬ್-ಎ-ನೌರಸ್’ ಎಂಬ ಹಾಡುಗಬ್ಬದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಹೆಸರು ಹಿಡಿದು ಸ್ತುತಿಸಿದನು. ಯಾರಿಂದ ಪಡೆದೆನೆಂಬುದನ್ನು ಮುಚ್ಚಿಡಲಿಲ್ಲ. ಮುಂದಿನ ದಾರಿಗೆ ಈ ಸಂಗತಿ ನೆನಪಿನಲ್ಲಿರಲಿ.

ತೊರವಿಯಾಚೆ ಬಯಲು ಬಿಚ್ಚಿಕೊಳ್ಳುತ್ತದೆ. ಬಿಳಿಜೋಳದ ಎರೆಭೂಮಿಯ ನಡುವೆ ತಿಕೋಟಾದ ದ್ರಾಕ್ಷಿಯ ಚಪ್ಪರಗಳು, ದ್ರಾಕ್ಷಿ ಒಣಗಿಸುವ ಉದ್ದನೆಯ ಶೆಡ್ಡುಗಳು ಕಾಣತೊಡಗುತ್ತವೆ. ಊರುಗಳಿಂದ ತುಸು ದೂರದಲ್ಲಿ, ಕಲ್ಲುನೆಲದ ಮೇಲೆ, ಲಂಬಾಣಿಗರ ತಾಂಡಾಗಳು. ಊರಿಗೂ ತಾಂಡಾಕ್ಕೂ ನಡುವಿನ ಆ ಅಂತರ ಬಹಳ ಹಳೆಯದು.

ತಾಂಡಾದಲ್ಲಿ ಇಂದು ಹೆಂಗಸರು ಬಹುಮಟ್ಟಿಗೆ ಸೀರೆಯನ್ನೇ ಉಡುತ್ತಾರೆ, ಹುಡುಗಿಯರದು ಚೂಡಿದಾರ. ಹಳೆಯ ಉಡುಗೆಯನ್ನು ನಿತ್ಯವೂ ಉಡುವವರೆಂದರೆ ಅಜ್ಜಿಯರು. ಫೇಟಿಯಾ ಎಂಬ ನೆರಿಗೆಯ ಲಂಗ, ಬೆನ್ನಿನ ಮೇಲೆ ಲಾಡಿಯಿಂದ ಕಟ್ಟುವ ಕಾಂಚಳಿ, ತಲೆಯಿಂದ ಇಳಿಬಿಟ್ಟ ಮುಸುಕು. ಇವುಗಳ ಮೇಲೆಲ್ಲ ಕನ್ನಡಿಯ ಚೂರು, ಕವಡೆ, ನಾಣ್ಯ, ಗೆಜ್ಜೆ. ಮೊಳಕೈವರೆಗೂ ಏರಿದ ಬಲಿಯಾ ಎಂಬ ಬಳೆಗಳು. ಹಿಂದೆ ದಂತ ಮತ್ತು ಎಲುಬಿನಿಂದ ಮಾಡುತ್ತಿದ್ದುದು, ಈಗ ಪ್ಲಾಸ್ಟಿಕ್ಕಿನದು. ಕಸೂತಿಯಲ್ಲಿ ಕಿಲನ್, ವೇಲೆ, ಮಕಿ, ಗಾದ್ರಿ ಮೊದಲಾಗಿ 14 ಬಗೆಯ ಹೊಲಿಗೆಗಳನ್ನು ಎಣಿಸುತ್ತಾರೆ. ಮದುವೆಗೆ ಬೇಕಾದುದನ್ನು ತಾಯಿ-ಮಗಳು ಸೇರಿ ವರ್ಷಗಟ್ಟಲೆ ಹೊಲಿಯುವುದು ವಾಡಿಕೆಯಾಗಿತ್ತು. ಕೆನ್ನೆಯ ಪಕ್ಕದಲ್ಲಿ ಕೂದಲಿಗೆ ಸಿಕ್ಕಿಸಿ ತೂಗಬಿಡುವ ಘುಗ್ರಿ ಬರಿಯ ಶೃಂಗಾರದ ವಸ್ತುವಲ್ಲ, ಮುತ್ತೈದೆಯ ಗುರುತು. ಗಂಡ ತೀರಿಕೊಂಡರೆ ಅದನ್ನು ತೆಗೆದಿಡಬೇಕು. ಬಲ್ಲವರು ಆ ಉಡುಗೆಯನ್ನು ನೋಡಿಯೇ ಉಟ್ಟವಳ ಬಾಳಿನ ಅರ್ಧ ಕತೆಯನ್ನು ಓದಬಲ್ಲರು.

ಈ ಜನ ಇಲ್ಲಿಗೆ ಬಂದುದು ಎತ್ತುಗಳ ಹಿಂದೆ. ಷಹಜಹಾನನ ಕಾಲದಲ್ಲಿ, 1630ರ ದಶಕದ ಆರಂಭಕ್ಕೆ, ಆಸಫ್ ಖಾನನು ವಿಜಯಪುರದ ಮೇಲೆ ದಂಡೆತ್ತಿ ಬಂದಾಗ, ಜಂಗಿ-ಭಂಗಿ ಎಂಬ ನಾಯಕರು 1,80,000 ಹೇರೆತ್ತುಗಳ ಮೇಲೆ ಸೈನ್ಯಕ್ಕೆ ಧಾನ್ಯ ಹೊತ್ತು ತಂದರೆಂದು ಪ್ರತೀತಿ. ರೈಲು ಬಂದ ಮೇಲೆ ಆ ಹೇರಿನ ಕಸುಬು ಮುಗಿಯಿತು. ಅದರ ಬೆನ್ನಿಗೇ ಅಪಮಾನವೂ ಬಂದಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಹಲವು ಪ್ರಾಂತಗಳಲ್ಲಿ ಬಂಜಾರ ಪಂಗಡಗಳೂ ಪಟ್ಟಿಗೆ ಸೇರಿದುವು. ದೂರದಿಂದಲೇ ಥಳಥಳಿಸುವ ಆ ಲಂಗವನ್ನು ಕಂಡೊಡನೆ ‘ಇವರು ಬಂದರು’ ಎಂದು ಜನ ಎಚ್ಚರಗೊಳ್ಳುತ್ತಿದ್ದ ಕಾಲವದು. ಕಾಯಿದೆ ರದ್ದಾದುದು 1952ರಲ್ಲಿ. ಸಂಶಯ ಅಷ್ಟು ಬೇಗ ರದ್ದಾಗಲಿಲ್ಲ. ಪೇಟೆಯಲ್ಲಿ, ಶಾಲೆಯಲ್ಲಿ ಎದ್ದು ಕಾಣದಿರಲೆಂದು ಉಡುಗೆಯನ್ನು ತೆಗೆದಿಟ್ಟವರನ್ನು ಯಾರು ತಾನೆ ದೂರಬಲ್ಲರು?

ಅವರು ಪೆಟ್ಟಿಗೆಯಲ್ಲಿ ಮಡಿಸಿಟ್ಟುದನ್ನು ಉಳಿದವರು ಬಿಚ್ಚಿ ತೊಟ್ಟುಕೊಂಡರು. ಶಾಲಾ ವಾರ್ಷಿಕೋತ್ಸವದಲ್ಲಿ ‘ಲಂಬಾಣಿ ನೃತ್ಯ’ವಿಲ್ಲದೆ ಕಾರ್ಯಕ್ರಮ ಪೂರೈಸುವುದಿಲ್ಲ, ಸಿನಿಮಾದ ಸಂತೆಯ ದೃಶ್ಯಕ್ಕೂ ಕನ್ನಡಿಯ ಲಂಗವೇ ಬೇಕು. ಅಲ್ಲಿ ತೆರೆದ ಬೆನ್ನಿನ ಮೇಲೆ ಕ್ಯಾಮರಾ ನಿಲ್ಲುವುದುಂಟು. ಬಿಸಿಲಿನಲ್ಲಿ ದುಡಿಯುವವಳಿಗೆ ಮುಸುಕೇ ಬೆನ್ನಿನ ಬಟ್ಟೆಯೆಂಬುದು ನಿರ್ದೇಶಕರಿಗೆ ಹೊಳೆಯುವುದಿಲ್ಲ. ಹತ್ತು ವರ್ಷದ ಬಾಲೆಯ ಕೆನ್ನೆಯ ಬದಿಗೆ ಘುಗ್ರಿ ತೂಗಬಿಟ್ಟು ಚಪ್ಪಾಳೆ ತಟ್ಟುವ ತಾಯ್ತಂದೆಯರಲ್ಲಿ ಕೆಡುಕಿಲ್ಲ, ನಿಜ. ಅದೇನೆಂದು ತಾಂಡಾದವರನ್ನು ಕೇಳಿದವರೂ ಇಲ್ಲ.

ಮಕ್ಕಳ ಕುಣಿತದಿಂದ ಯಾರ ಅನ್ನವೂ ಹೋಗದು. ಬಟ್ಟೆಯ ವ್ಯಾಪಾರದ ಮಾತು ಬೇರೆ. ಹಳೆಯ ಕಾಂಚಳಿ, ಲಂಗಗಳನ್ನು ಅಗ್ಗಕ್ಕೆ ಕೊಂಡು, ತುಂಡು ಮಾಡಿ, ಚೀಲಕ್ಕೋ ದಿಂಬಿಗೋ ಹೊಲಿದು ಮಾರುವವರಿದ್ದಾರೆ. ಗೋವೆಯ ಅಂಜುನಾ ಸಂತೆಯಲ್ಲಿ ಅಂಥ ಸರಕನ್ನು ಹರಡಿ ಕುಳಿತ ಕರ್ನಾಟಕದ ಲಂಬಾಣಿ ಹೆಂಗಸರನ್ನೂ ಕಾಣಬಹುದು. ವಿಜಯಪುರದ ತಾಂಡಾಗಳಿಂದ ಗೋವೆಗೂ ಮಹಾರಾಷ್ಟ್ರಕ್ಕೂ ದುಡಿಯಲು ಗುಳೆ ಹೋಗುವುದು ಹೊಸತಲ್ಲ. ದೊಡ್ಡ ಪಟ್ಟಣದ ಅಂಗಡಿಯ ಗಾಜಿನೊಳಗೆ ಅದೇ ಮಾದರಿ ಯಂತ್ರದ ಹೊಲಿಗೆಯಲ್ಲಿ, ‘ಬೋಹೋ’ ಎಂಬ ಹೆಸರಿನಲ್ಲಿ ತೂಗುತ್ತಿರುತ್ತದೆ.

ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಇದಕ್ಕೆ ಕೊಂಚ ಪರಿಹಾರ ದೊರೆಯಿತು. ‘ಸಂಡೂರು ಲಂಬಾಣಿ ಕಸೂತಿ’ಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಬಂದಿತು. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಸಂತೋಷದ ಸಂಗತಿಯೇ. ಆದರೆ ಆ ಮನ್ನಣೆ ಒಂದು ನೆಲಕ್ಕೆ ಸೇರಿದ್ದು. ನೆಲದಿಂದ ನೆಲಕ್ಕೆ ನಡೆದ ಜನಕ್ಕಲ್ಲ. ತಿಕೋಟಾದ ತಾಂಡಾದ ಅಜ್ಜಿ ಅದೇ ಮಕಿಯ ಹೊಲಿಗೆ ಹಾಕಿದರೂ ಅದು ಸಂಡೂರಿನದಲ್ಲ. ಮೇಲಾಗಿ ಈ ಕಾನೂನು ಕಾಯುವುದು ಹೆಸರನ್ನು, ಹೊಲಿಗೆಯನ್ನಲ್ಲ. ಹೆಸರನ್ನೇ ಬಿಟ್ಟು ಮಾದರಿಯನ್ನು ಎತ್ತಿಕೊಂಡರೆ ಕೇಳುವಂತಿಲ್ಲ.

ಹಾಗೆ ಎತ್ತಿಕೊಂಡುದನ್ನು ಲೋಕವೆಲ್ಲ ಕಂಡ ಒಂದು ಪ್ರಸಂಗ ಈ ಜಿಲ್ಲೆಗೂ ಸಂಬಂಧಿಸಿದೆ. ಬಬಲೇಶ್ವರದತ್ತ ಹೊರಳಿದರೆ ಸಂತೆಯ ಜನರ ಕಾಲಲ್ಲಿ ಕಾಣುವ ಕೊಲ್ಹಾಪುರಿ ಚಪ್ಪಲಿಯೇ ಅದರ ನಾಯಕ. 2019ರಲ್ಲಿ ಇದಕ್ಕೆ ದೊರೆತ ಸೂಚಿಕೆಯಲ್ಲಿ ಎಂಟು ಜಿಲ್ಲೆಗಳ ಹೆಸರಿದೆ. ಕರ್ನಾಟಕದ ನಾಲ್ಕರಲ್ಲಿ ವಿಜಯಪುರವೂ ಒಂದು. 2025ರ ಜೂನಿನಲ್ಲಿ ಇಟಲಿಯ ಪ್ರಾದಾ ಸಂಸ್ಥೆ ಮಿಲಾನಿನ ವೇದಿಕೆಯ ಮೇಲೆ ಅಂಥವೇ ಪಾದರಕ್ಷೆಗಳನ್ನು ಬರಿಯ ‘ಚರ್ಮದ ಚಪ್ಪಲಿ’ ಎಂದು ನಡೆಸಿತು. ಗದ್ದಲವೆದ್ದ ಮೇಲೆ ಮೂಲವನ್ನು ಒಪ್ಪಿಕೊಂಡು, ಡಿಸೆಂಬರಿನಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು: ಇಲ್ಲಿಯ ಕುಶಲಕರ್ಮಿಗಳ ಕೈಯಿಂದ 2,000 ಜೊತೆ, ಜೊತೆಗೆ ಸುಮಾರು 800 ಯೂರೋ ಬೆಲೆ. ಎರಡು ನಿಗಮಗಳ ಬೆಂಬಲವಿದ್ದ ಚಪ್ಪಲಿಗೆ ಆರು ತಿಂಗಳಲ್ಲಿ ಉತ್ತರ ಸಿಕ್ಕಿತು. ತಿಕೋಟಾ, ಬಬಲೇಶ್ವರಗಳ ತಾಂಡಾದ ಲಂಗಕ್ಕೆ ಅಂಥ ದಾವೇದಾರರು ಇನ್ನೂ ಹುಟ್ಟಿಲ್ಲ.

ಬಬಲೇಶ್ವರದಿಂದ ಸಂಜೆ ಪಟ್ಟಣಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಶಾಲೆಯ ಮಕ್ಕಳ ಗದ್ದಲ. ನಾಟಕದ ಉಡುಪನ್ನು ಬಾಡಿಗೆಗೆ ಕೊಡುವ ಅಂಗಡಿಗಳಿರುವುದು ಪಟ್ಟಣದಲ್ಲಿಯೇ. ಅಲ್ಲಿ ಲಂಬಾಣಿಯ ಲಂಗವೆಂದರೆ ನೈಲಾನಿನ ಬಟ್ಟೆಗೆ ಅಂಟಿಸಿದ ಬೇಗಡೆಯ ಬಿಲ್ಲೆಗಳು. ಅಜ್ಜಿಯ ಫೇಟಿಯಾ ಮಾರಿಹೋದ ಮನೆಯ ಹುಡುಗಿಗೂ, ಶಾಲೆಯ ಕುಣಿತಕ್ಕೆ ಹೆಸರು ಕೊಟ್ಟರೆ, ಅದೇ ಬೇಗಡೆಯ ಲಂಗವನ್ನು ದಿನಕ್ಕಿಷ್ಟೆಂದು ಬಾಡಿಗೆ ತೆತ್ತು ತರಬೇಕಾಗುತ್ತದೆ.